ಗುಂಡು ಹಾರಿಸದ ಅಣ್ಣನಿಗೆ ನಿದ್ದೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನನ್ನ ಅಣ್ಣ ಸೇನೆಯಲ್ಲಿ ಮೆಡಿಕ್ ಆಗಿದ್ದ. ಗುಂಡಿನ ಕಾಳಗದ ನಡುವೆಯೇ ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸ. ಮನೆಗೆ ಬಂದು ವರ್ಷವಾಯಿತು. ರಾತ್ರಿ ನಿದ್ದೆ ಮಾಡುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾನೆ. ಕೇಳಿದರೆ "ನಾನೇನು ಯಾರನ್ನೂ ಕೊಂದಿಲ್ಲ, ನನಗೇನಾಗಿದೆ?" ಅಂತಾನೆ. "ಎಷ್ಟೊಂದು ಜನರನ್ನು ಉಳಿಸಿದ್ದೀಯ" ಅಂದರೆ ಎದ್ದು ಹೋಗುತ್ತಾನೆ. ಯಾಕೆ ಹೀಗೆ?

ಉತ್ತರ: ಉಳಿಸಿದವರನ್ನು ನೀವು ಎಣಿಸುತ್ತಿದ್ದೀರಿ, ಅವರು ಉಳಿಯದವರನ್ನು ಎಣಿಸುತ್ತಿರಬಹುದು. ಅದಕ್ಕೇ ನಿಮ್ಮ ಹೊಗಳಿಕೆ ಅವರಿಗೆ ಸಮಾಧಾನ ಕೊಡುತ್ತಿಲ್ಲ.

ಮೆಡಿಕ್ ಅಂದರೆ ಆಸ್ಪತ್ರೆಯ ಡಾಕ್ಟರ್ ಅಲ್ಲ. ಅಮೆರಿಕದ ಸೇನೆಯಲ್ಲಿ ಈ ಕೆಲಸದ ತರಬೇತಿ ಸುಮಾರು 16 ವಾರ. ಆಮೇಲೆ ಅದೇ ತುಕಡಿಯ ಜೊತೆ ಊಟ, ಅದೇ ತುಕಡಿಯ ಜೊತೆ ನಿದ್ದೆ. ಹಾಗಾಗಿ ಮುಂದೆ ಬಿದ್ದಿರುವ ಗಾಯಾಳು ಬೆಳಿಗ್ಗೆ ಪಕ್ಕದಲ್ಲಿ ಕೂತು ಟೀ ಕುಡಿದ ಗೆಳೆಯನೇ ಆಗಿರಬಹುದು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಟೂರ್ನಿಕೆಟ್ ಪಟ್ಟಿ ಕಟ್ಟಿ, ರಕ್ತ ನಿಲ್ಲುವ ತನಕ ಅದರಲ್ಲಿರುವ ಕಡ್ಡಿ ತಿರುಗಿಸಿ ಬಿಗಿ ಮಾಡಬೇಕು. ಅದು ವಿಪರೀತ ನೋವು. ಸಾಕು ಬಿಡು ಅಂತ ಗೆಳೆಯ ಕೂಗಿಕೊಳ್ಳುತ್ತಿದ್ದರೂ ಕೈ ಬಿಡುವ ಹಾಗಿಲ್ಲ, ಇನ್ನೂ ಬಿಗಿ ಮಾಡಿ, ಕಟ್ಟಿದ ಹೊತ್ತನ್ನು ಅದರ ಮೇಲೆ ಬರೆದು, ಮುಂದಿನವನ ಹತ್ತಿರ ಓಡಬೇಕು.

ಇದಕ್ಕಿಂತ ಕಷ್ಟದ್ದು ಆಯ್ಕೆ. ಒಂದೇ ಸಲ ಐದಾರು ಜನ ಬಿದ್ದಾಗ ಯಾರನ್ನು ಮೊದಲು ನೋಡಬೇಕು ಅಂತ ನಿರ್ಧರಿಸುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ನೆಪೋಲಿಯನ್ ಸೇನೆಯ ಸರ್ಜನ್ ಡೊಮಿನಿಕ್ ಲಾರೆ ಕಾಲದಿಂದ ಬೆಳೆದು ಬಂದ ಪದ್ಧತಿ ಇದು. ಹೆಚ್ಚು ಕೂಗುವವನು ಕಾಯಬಹುದು, ಸುಮ್ಮನೆ ಮಲಗಿರುವವನಿಗೆ ಕಾಯಲು ಹೊತ್ತಿಲ್ಲದೆ ಇರಬಹುದು. ಬದುಕುವ ಸಾಧ್ಯತೆಯೇ ಇಲ್ಲ ಅನಿಸಿದವನನ್ನು, ಅವನು ಇನ್ನೂ ಉಸಿರಾಡುತ್ತಿರುವಾಗಲೇ, ದಾಟಿ ಹೋಗಬೇಕು. ನಿಯಮದ ಪ್ರಕಾರ ಅದು ಸರಿ. ಆದರೆ ಅವನ ಕಣ್ಣು ನೋಡಿದವರಿಗೆ ನಿಯಮ ಎಷ್ಟು ಆಸರೆಯಾಗುತ್ತೆ, ಹೇಳಿ. ಇನ್ನು 1949ರ ಜಿನೀವಾ ಒಪ್ಪಂದದಂತೆ ಯಾರಿಗೆ ಮೊದಲು ಅನ್ನುವುದನ್ನು ಗಾಯದ ತುರ್ತು ನೋಡಿಯೇ ತೀರ್ಮಾನಿಸಬೇಕು, ಯಾವ ಕಡೆಯವನು ಅಂತಲ್ಲ. ಸ್ವಲ್ಪ ಹೊತ್ತಿನ ಹಿಂದೆ ತನ್ನವರ ಮೇಲೆ ಗುಂಡು ಹಾರಿಸಿದವನ ರಕ್ತ ನಿಲ್ಲಿಸಲೂ ಮಂಡಿಯೂರಬೇಕು.

ಬೆಚ್ಚಿಬೀಳುವುದು, ನಿದ್ದೆ ಬಾರದಿರುವುದು ಪಿಟಿಎಸ್‌ಡಿಯ, ಅಂದರೆ ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ತೊಂದರೆಯ, ಲಕ್ಷಣಗಳಿರಬಹುದು. ಅಮೆರಿಕದ ಮನೋವೈದ್ಯರ ಸಂಘ ಈ ಹೆಸರನ್ನು ಮಾನಸಿಕ ಕಾಯಿಲೆಗಳ ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಆದರೆ ಭಯವೊಂದೇ ಅಲ್ಲ, "ನಾನು ಮಾಡಬೇಕಾದ್ದು ಮಾಡಲಿಲ್ಲ" ಅನ್ನುವ ತಪ್ಪಿತಸ್ಥ ಭಾವ ಕೊರೆಯುವುದೂ ಉಂಟು. ಇಂಥ ನೋವನ್ನು ಈಗ ನೈತಿಕ ಗಾಯ ಅನ್ನುತ್ತಾರೆ, ಈ ಹೆಸರನ್ನು ಬಳಕೆಗೆ ತಂದವರು ವಿಯೆಟ್ನಾಂ ಯುದ್ಧದಿಂದ ಬಂದವರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ. ನಿಮ್ಮ ಅಣ್ಣನಿಗೆ ಇದೇ ಆಗಿದೆ ಅಂತ ಪತ್ರ ಓದಿ ಹೇಳಲಾರೆ, ಡಾಕ್ಟರ್ ನೋಡಿಯೇ ಹೇಳಬೇಕು. ಆದರೆ "ಯಾರನ್ನೂ ಕೊಂದಿಲ್ಲ" ಅನ್ನುವ ಮಾತಿನಲ್ಲಿ ನೋವು ಪಡುವ ಹಕ್ಕೇ ತನಗಿಲ್ಲ ಅನ್ನುವ ಭಾವನೆ ನನಗೆ ಕೇಳಿಸುತ್ತಿದೆ. ಎಲ್ಲರನ್ನೂ ನೋಡಿಕೊಂಡವರಿಗೆ ತಾನೂ ರೋಗಿ ಅಂತ ಒಪ್ಪಿಕೊಳ್ಳುವುದು ಕಷ್ಟ ಅಲ್ವಾ?

ಈಗ ನೀವು ಮಾಡಬೇಕಾದ್ದು. ಹೊಗಳುವುದು ನಿಲ್ಲಿಸಿ. "ನಿನ್ನ ತಪ್ಪೇನಿಲ್ಲ ಬಿಡು" ಅಂತಲೂ ಅವಸರಪಡಬೇಡಿ, ಅದು ಬಾಯಿ ಮುಚ್ಚಿಸಿದ ಹಾಗಾಗುತ್ತೆ. ಏನಾಯಿತು ಹೇಳು ಅಂತ ಒತ್ತಾಯವೂ ಬೇಡ. "ಯಾರ ನೆನಪು ಜಾಸ್ತಿ ಬರುತ್ತೆ ಅಣ್ಣ?" ಅಂತ ಒಮ್ಮೆ ಕೇಳಿ ಸುಮ್ಮನಿರಿ. ಉತ್ತರ ಆ ದಿನ ಬಾರದಿದ್ದರೂ ಪರವಾಗಿಲ್ಲ. ಆಘಾತದ ಚಿಕಿತ್ಸೆಯಲ್ಲಿ ಅನುಭವ ಇರುವ ಮನೋವೈದ್ಯರು ಅಥವಾ ಆಪ್ತಸಮಾಲೋಚಕರ ಹತ್ತಿರ ಮೊದಲ ಸಲ ನೀವೂ ಜೊತೆಗೆ ಹೋಗಿ. ಆ ನೆನಪುಗಳನ್ನು ಸುರಕ್ಷಿತವಾಗಿ ಎದುರಿಸುವ, ತನ್ನನ್ನೇ ದೂರುವ ಯೋಚನೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಮಾತಿನ ಚಿಕಿತ್ಸೆಗಳಿಂದ ತುಂಬ ಜನರಿಗೆ ಉಪಯೋಗವಾಗಿದೆ. ಇದೇ ಕೆಲಸ ಮಾಡಿದ ಹಳೆಯ ಜೊತೆಗಾರರಿದ್ದರೆ ಭೇಟಿ ಮಾಡಿಸಿ. ನಿಮಗೆ ಹೇಳಲಾಗದ್ದನ್ನು ಅವರ ಹತ್ತಿರ ಹೇಳಬಹುದು.

ಕುಡಿತ ಜಾಸ್ತಿಯಾಗಿದ್ದರೆ ಡಾಕ್ಟರ್‌ಗೆ ಮುಚ್ಚಿಡಬೇಡಿ. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿ ಆಯುಧ, ಹೆಚ್ಚಿನ ಮಾತ್ರೆಗಳಿದ್ದರೆ ದೂರ ಇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.