ಹಮ್ಮಸ್ ತರಿತರಿ ಆಗೋದಕ್ಕೆ ಮಿಕ್ಸಿ ಕಾರಣ ಅಲ್ಲ

ಹಮ್ಮಸ್ (ಬೆಂದ ಕಾಬೂಲಿ ಕಡಲೆ, ಎಳ್ಳು ಸೇರಿಸಿ ರುಬ್ಬೋ ಅರಬ್ ಕಡೆಯ ಚಟ್ನಿ) ನುಣ್ಣಗಾಗ್ತಿಲ್ಲ, ಹೊಸ ಮಿಕ್ಸಿ ತಗೊಳ್ಳಲಾ ಅಂತ ಕೇಳಿದ್ದೀರಿ. ದುಡ್ಡು ಉಳಿಸ್ಕೊಳ್ಳಿ, ತೊಂದರೆ ಇರೋದು ಬೇಯಿಸೋದ್ರಲ್ಲಿ. ಒಂದು ಲೋಟ ಕಾಬೂಲಿ ಕಡಲೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೊಸ ನೀರಲ್ಲಿ ಅರ್ಧ ಟೀಚಮಚ ಅಡುಗೆ ಸೋಡಾ ಹಾಕಿ ಬೇಯಿಸಿ. ಸೋಡಾಕ್ಕೆ ಸಿಪ್ಪೆ ಮೆತ್ತಗಾಗಿ ಕಳಚುತ್ತೆ. ಉಸಲಿಯ ಹದ ಸಾಲದು. ಎರಡು ಬೆರಳಲ್ಲಿ ಒತ್ತಿದ್ರೆ ಬೆಣ್ಣೆ ಹಾಗೆ ಹಿಸುಕಿ ಹೋಗ್ಬೇಕು. (ನಮ್ಮಜ್ಜಿ ಕಂಡಿದ್ರೆ "ಇದೇನೇ, ಕಡಲೆ ಗಂಜಿ ಮಾಡಿದ್ಯಾ?" ಅಂತಿದ್ರು.)

ಇದಕ್ಕೆ ಹಾಕೋ ತಾಹಿನಿ ಅಂದ್ರೆ ರುಬ್ಬಿದ ಎಳ್ಳೇ. ಸಿಪ್ಪೆ ತೆಗೆದ ಬಿಳಿ ಎಳ್ಳನ್ನ ಸಣ್ಣ ಉರಿಯಲ್ಲಿ ಹುರಿದು, ಎಣ್ಣೆ ಬಿಡೋವರೆಗೂ ರುಬ್ಬಿ. ಕೆಂಪಗಾದ್ರೆ ಕಹಿ. ಚಿಗಳಿಗೆ ಹುರಿದಂಗೆ ಘಮ್ಮಂತ ಹುರಿದು ನಾನು ಮೊದಲ ಸಲ ಅಷ್ಟೂ ಎಸೆದೆ. ಕೊನೆಗೆ ಬೆಂದ ಕಡಲೆ, ತಾಹಿನಿ ಜೊತೆ ನಿಂಬೆರಸ, ಉಪ್ಪು, ಒಂದೆಸಳು ಬೆಳ್ಳುಳ್ಳಿ, ಎರಡು ಚಮಚ ಐಸ್ ನೀರು ಹಾಕಿ ರುಬ್ಬಿ. ಒಗ್ಗರಣೆ ಮಾತ್ರ ಬೇಡ, ಕೈ ತುರಿಸಿದ್ರೂ!