ಪಿವಿಸಿ ಪೈಪಿನ ಗಾಳಿ ಕೋವಿ ಮನೆಯಲ್ಲಿ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಕಾರವಾರದಲ್ಲಿದ್ದೀರಿ. ಪಿವಿಸಿ ಪೈಪಿನೊಳಗೆ ಗಾಳಿ ತುಂಬಿ ಬಟಾಟೆ ಹಾರಿಸುವ ವಿಡಿಯೋ ನೋಡಿದ್ದೀರಿ. ಏಳನೇ ಕ್ಲಾಸಿನ ಮಗನ ಜೊತೆ ಕೂತು ಅಂಥದ್ದೊಂದು ಮಾಡಬೇಕು. ಕಂಪ್ರೆಸರ್ ಬೇಕಾ, ಎಷ್ಟು ಪ್ರೆಶರ್ ಹಾಕಬಹುದು, ಊರಿನ ತೋಟದಲ್ಲಿ ಮಂಗ ಓಡಿಸೋಕೆ ಆಗುತ್ತಾ?

ಮಾಡಿ, ಆದರೆ ಪಿವಿಸಿಯಲ್ಲಿ ಬೇಡ. ಕಂಪ್ರೆಸರ್ ಬೇಡವೇ ಬೇಡ. ಮಂಗದ ವಿಷಯ ಕೊನೆಗೆ ಹೇಳುತ್ತೇನೆ.

ನಾನು ಶಿರಸಿ ಹತ್ತಿರದವನು, ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಪೈಪು, ಎಂಡ್ ಕ್ಯಾಪು, ಸಲ್ಯೂಷನ್ ಡಬ್ಬ ಎಲ್ಲ ಕೈಗೆ ಸಿಗುವಲ್ಲೇ ಇರುವಾಗ ಸುಮ್ನೆ ಕೂರುವುದು ಹೇಗೆ? 4 ಇಂಚಿನ ಪೈಪಿನ ಎರಡು ಅಡಿ ತುಂಡು ತಗೊಂಡೆ. ಎರಡೂ ಕಡೆ ಮುಚ್ಚಿ, ಹಳೇ ಟ್ಯೂಬಿನ ವಾಲ್ವ್ ಕೂರಿಸಿ, ಮುಂದೆ ಒಂದು ಬಾಲ್ ವಾಲ್ವ್, ಅದರ ಮುಂದೆ ಉದ್ದ ನಳಿಗೆ. ಪೈಪಿನ ಮೇಲೆ '6 ಕೆಜಿ' ಅಂತ ಅಚ್ಚಿತ್ತು, ಅಂದರೆ ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತಡೆಯುತ್ತದೆ ಅಂತ. ನಾನು ಹಾಕುವುದು 4 ಕೆಜಿ, ಇನ್ನೂ ಎರಡು ಕೆಜಿ ಅಂತರ ಇದೆಯಲ್ಲ ಅಂತ ಧೈರ್ಯ. ಮೂರು ವಾರ ಚೆನ್ನಾಗಿಯೇ ಓಡಿತು. ಬಟಾಟೆ ಕೊಟ್ಟಿಗೆ ಮಾಡು ದಾಟಿ ಗದ್ದೆಗೆ ಹೋಗಿ ಬೀಳುತ್ತಿತ್ತು.

ಡಿಸೆಂಬರ್ ತಿಂಗಳು, ಬೆಳಿಗ್ಗೆ ಚಳಿ. ಕೋವಿ ಅಷ್ಟೂ ದಿನ ಅಂಗಳದ ಬಿಸಿಲಲ್ಲೇ ಬಿದ್ದಿತ್ತು. ಗಾಳಿ ಹೊಡೆಯುತ್ತಿದ್ದೆ. ಮುಳ್ಳು 4 ದಾಟಿತ್ತೋ ಇಲ್ಲವೋ, ಢಂ ಅಂತು. ಬಚ್ಚಲ ಮನೆಯೊಳಗಿಂದ ಆಯಿ "ಎಂತ ಆತೋ?" ಅಂತ ಕೂಗಿದ್ದು ಬಾಯಿ ಆಡಿದ್ದರಿಂದ ಗೊತ್ತಾಯಿತು, ಕಿವಿಗೆ ಕೇಳಲಿಲ್ಲ. ಒಂದು ಚೂರು ತಾಮ್ರದ ಹಂಡೆಗೆ ಬಡಿದು ಹೆಬ್ಬೆರಳು ಇಡುವಷ್ಟು ತಗ್ಗು ಮಾಡಿತ್ತು. ಇನ್ನೊಂದು ಅಡಿಕೆ ಚಪ್ಪರದ ದಬ್ಬೆಯಲ್ಲಿ ನೆಟ್ಟಗೆ ನಾಟಿತ್ತು. ನನ್ನ ಮೊಣಕಾಲಿಗೆ ಬರೀ ತರಚು ಗಾಯ. ಅದು ನನ್ನ ಜಾಣತನ ಅಲ್ಲ, ಪೈಪು ಒಡೆದ ದಿಕ್ಕು ಆಚೆ ಕಡೆಗಿತ್ತು ಅಷ್ಟೇ.

ಚಪ್ಪರದಿಂದ ಕಿತ್ತ ಚೂರು ಇವತ್ತಿಗೂ ಅಂಗಡಿ ಮೇಜಿನ ಮೇಲಿದೆ. ಅಂಗೈ ಅಗಲ, ಗಾಜು ಒಡೆದ ಹಾಗೆ ಮೊನಚು ಅಂಚು. ಮೇಲೆ '6 ಕೆ' ವರೆಗೆ ಅಚ್ಚು ಉಳಿದಿದೆ, 'ಜಿ' ಎಲ್ಲಿ ಹೋಯಿತೋ.

ಆಗ ಕೂತು ಯೋಚಿಸಿದೆ. ಆ 6 ಕೆಜಿ ಅನ್ನುವುದು ನೀರಿನ ಲೆಕ್ಕ. ಈ ಪೈಪುಗಳ ಐಎಸ್ 4985 ಮಾನದಂಡ ಇರುವುದೇ ನೀರು ಸಾಗಿಸುವ ಪೈಪಿಗೆ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ತೀರಾ ಕಡಿಮೆ. ಪೈಪು ಬಿರುಕು ಬಿಟ್ಟ ಕೂಡಲೇ ಒತ್ತಡ ಬಿದ್ದು ಹೋಗುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪು ನೋಡಿದ್ದೀರಲ್ಲ, ಅದು 20 ಕೆಜಿಗಿಂತ ಜಾಸ್ತಿ ಒತ್ತಡದಲ್ಲಿ ಓಡುತ್ತದೆ. ಪೈಪು ಒಡೆದರೆ ಮೈಯೆಲ್ಲ ಮೈಲುತುತ್ತದ ನೀಲಿ ನೀರು, ಬೈಗುಳ, ಅಲ್ಲಿಗೆ ಮುಗಿಯಿತು. ಗಾಳಿ ಹಾಗಲ್ಲ. ಅದು ಒತ್ತಿಟ್ಟ ಸ್ಪ್ರಿಂಗು. ಬಿರುಕು ಬಿಟ್ಟ ಮೇಲೂ ಹಿಗ್ಗುತ್ತಲೇ ಇರುತ್ತದೆ, ಚೂರುಗಳನ್ನು ತಳ್ಳಿಕೊಂಡೇ ಹೋಗುತ್ತದೆ. ನನ್ನ ಪೈಪಿನೊಳಗೆ ಸುಮಾರು 5 ಲೀಟರ್ ಜಾಗ ಇತ್ತು. 4 ಕೆಜಿ ಒತ್ತಡಕ್ಕೆ ಲೆಕ್ಕ ಹಾಕಿದರೆ 1200 ಜೂಲ್ ಹತ್ತಿರ ಬರುತ್ತದೆ. ಅಂದರೆ 12 ಮೀಟರ್ ಎತ್ತರದ ಅಡಿಕೆ ಮರದಿಂದ 10 ಕೆಜಿ ತೂಕದ ಅಡಿಕೆ ಗೊನೆ ನೆಲಕ್ಕೆ ಬಿದ್ದಷ್ಟು. ಗೊನೆ ಕೊಯ್ಯುವ ಕೊನೆಗಾರ ಮೇಲಿರುವಾಗ ನಾವು ಮರದ ಬುಡದಲ್ಲಿ ನಿಲ್ಲುತ್ತೇವಾ? ಅದರ ಮೇಲೆ ಪಿವಿಸಿ ಬಿಸಿಲಿಗೆ ಪೆಡಸಾಗುತ್ತದೆ, ಚಳಿಗೆ ಇನ್ನೂ ಪೆಡಸು. ಗ್ಯಾಸ್ ಸಿಲಿಂಡರುಗಳನ್ನು ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸುವುದೂ ಇದೇ ಕಾರಣಕ್ಕೆ, ಒಡೆದರೆ ನೀರೇ ಚೆಲ್ಲಲಿ ಅಂತ.

ಹಾಗಂತ ಮಗನಿಗೆ ನಿರಾಸೆ ಮಾಡಬೇಡಿ. ಮೊದಲು ಪೆಟ್ಲು ಮಾಡಿಕೊಡಿ, ಅಂದರೆ ಸಣ್ಣ ಕಾಯಿ ಹಾರಿಸುವ ಬಿದಿರಿನ ಆಟದ ಕೋವಿ. ನಿಮಗೆ ಗೊತ್ತಿರಬಹುದು, ನಮ್ಮ ಘಟ್ಟದ ಮೇಲೆ ಚೌತಿ ಹೊತ್ತಿಗೆ ಮಕ್ಕಳ ಕೈಯಲ್ಲಿ ಇರುತ್ತಿತ್ತು. ವಾಟೆ ಬಿದಿರಿನ ಗಂಟಿಲ್ಲದ ತುಂಡು ಒಂದು, ಅದರೊಳಗೆ ಹೋಗುವ ಕೋಲು ಒಂದು. ಕೋಲು ನಳಿಗೆಗಿಂತ ಒಂದು ಕಾಯಿಯಷ್ಟು ಗಿಡ್ಡ ಇರಬೇಕು, ಗುಟ್ಟು ಅಲ್ಲೇ ಇರುವುದು. ಮೊದಲು ಒಂದು ಹಸಿ ಜುಮ್ಮನಕಾಯಿ (ಗುಂಡನೆಯ ಸಣ್ಣ ಕಾಡು ಕಾಯಿ) ತುದಿಯವರೆಗೆ ದೂಡಿ. ಅದು ಬಾಯಲ್ಲೇ ನಿಲ್ಲುತ್ತದೆ. ಹಿಂದಿನಿಂದ ಇನ್ನೊಂದು ಹಾಕಿ ಜೋರಾಗಿ ದೂಡಿ. ನಡುವಿನ ಗಾಳಿ ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ಕುಗ್ಗುತ್ತದೆ. ಮುಂದಿನದು 'ಪಟ್' ಅಂತ ಹಾರುತ್ತದೆ, ಹಿಂದಿನದು ಅದರ ಜಾಗದಲ್ಲಿ ಬಂದು ಕೂರುತ್ತದೆ. ಕಾಯಿ ಸಿಗದಿದ್ದರೆ ನೆನೆಸಿದ ಕಾಗದದ ಉಂಡೆ ಸಾಕು. ರಾಬರ್ಟ್ ಬಾಯ್ಲ್ 1662ರಲ್ಲಿ ಹೇಳಿದ ನಿಯಮ, ಅಂದರೆ ಗಾಳಿಯ ಜಾಗ ಅರ್ಧ ಮಾಡಿದರೆ ಒತ್ತಡ ಎರಡು ಪಟ್ಟು ಅನ್ನುವುದು, ಹುಡುಗನ ಅಂಗೈಗೆ ನೇರವಾಗಿ ತಾಗುತ್ತದೆ. ಮುಖಕ್ಕೆ ಗುರಿ ಇಡಬಾರದು ಅನ್ನುವುದನ್ನೂ ಇಲ್ಲೇ ಕಲಿಸಿಬಿಡಿ.

ಆಮೇಲೆ ನೀರಿನ ರಾಕೆಟ್, ಅಂದರೆ ಸ್ವಲ್ಪ ನೀರು ಹಾಕಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದ ಬಾಟಲಿಗೆ ಗಾಳಿ ಹೊಡೆದು ಹಾರಿಸುವುದು. ನನ್ನ ಹವ್ಯಾಸ ಈಗ ಪೂರ್ತಿ ಇದೇ. ಬಾಟಲಿ ಮಾತ್ರ ಗ್ಯಾಸ್ ಇರುವ ತಂಪು ಪಾನೀಯದ್ದೇ ಆಗಬೇಕು, ಬುಡದಲ್ಲಿ ಐದು ಕಾಲಿನ ಆಕಾರ ಇರುತ್ತದಲ್ಲ, ಅಂಥದ್ದು. ಕುಡಿಯುವ ನೀರಿನ ಬಾಟಲಿ ತೆಳು, ಅದು ಒತ್ತಡಕ್ಕೆ ಮಾಡಿದ್ದಲ್ಲ. ಬಾಯಿಯ ಒಳ ಅಗಲ ಸುಮಾರು 22 ಮಿಲಿಮೀಟರ್. ಅದಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಬಿರಡೆ ತನ್ನಿ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬಿನ ವಾಲ್ವ್ ಪುಕ್ಕಟೆ ಕೊಡುತ್ತಾರೆ, ಒಳಗಿನ ಪಿನ್ ತೆಗೆದು (ಅದಿದ್ದರೆ ಗಾಳಿ ವಾಪಸ್ ಬರುವುದಿಲ್ಲ) ಅದನ್ನು ಬಿರಡೆಗೆ ತೂತು ಮಾಡಿ ತೂರಿಸಿ. ಮೀಟರ್ ಇರುವ ಸೈಕಲ್ ಪಂಪು, ನಡುವೆ ಐದಾರು ಮೀಟರ್ ಉದ್ದದ ಗಾಳಿ ಪೈಪು. ದೊಡ್ಡ ಖರ್ಚು ಅಂದರೆ ಪಂಪಿನದ್ದು ಮಾತ್ರ.

ಬಾಟಲಿಗೆ ಮೂರರಲ್ಲಿ ಒಂದು ಪಾಲು ನೀರು. ಜಾಸ್ತಿ ಹಾಕಿದರೆ ಭಾರ, ಗಾಳಿಗೆ ಜಾಗವೂ ಇಲ್ಲ. ಕಡಿಮೆಯಾದರೆ ಹಿಂದಕ್ಕೆ ಉಗುಳಲು ಏನೂ ಇರುವುದಿಲ್ಲ, ಬರೀ 'ಪುಸ್'. ರೆಕ್ಕೆಗೆ ನಾನು ಅಡಿಕೆ ಹಾಳೆ ಕತ್ತರಿಸಿ ಅಂಟಿಸುತ್ತೇನೆ. ರಟ್ಟು ಒಂದೇ ಸಲಕ್ಕೆ ನೆನೆದು ಮುದ್ದೆಯಾಗುತ್ತದೆ, ಹಾಳೆ ಹತ್ತು ಸಲ ಬಿದ್ದರೂ ಹಾಗೇ ಇರುತ್ತದೆ. ತಲೆಗೆ ಅರ್ಧ ಟೆನ್ನಿಸ್ ಚೆಂಡು. ಗಟ್ಟಿ, ಚೂಪು ಯಾವುದೂ ಬೇಡ.

ಬಿರಡೆ ಕ್ರಮದ ಒಳ್ಳೇ ಗುಣ ಏನಂದರೆ, ಒತ್ತಡ ಒಂದು ಮಟ್ಟ ದಾಟಿದರೆ ಅದೇ ಕಳಚಿ ಹಾರಿಬಿಡುತ್ತದೆ. ಅಳತೆಗೆ ಹೇಳುವುದಾದರೆ, ಮನೆಯ ಕುಕ್ಕರ್ ಸೀಟಿ ಹೊಡೆಯುವುದು 15 ಪಿಎಸ್‌ಐ (ಪಂಪಿನ ಮೀಟರಿನ ಅಳತೆ, ಸುಮಾರು 1 ಕೆಜಿ ಒತ್ತಡ) ಆಸುಪಾಸಿಗೆ, ಕಾರಿನ ಟಯರು 30ರ ಮೇಲೆ. ನನ್ನ ಬಿರಡೆ ಹೆಚ್ಚಾಗಿ 30ರಿಂದ 40ರೊಳಗೆ ಬಿಡುತ್ತದೆ, ಬಾಟಲಿ ತೆಂಗಿನ ಮರದ ತಲೆ ದಾಟುತ್ತದೆ. 50 ಆದರೂ ಬಿಡದಿದ್ದರೆ ಹತ್ತಿರ ಹೋಗಬೇಡಿ. ಪಂಪಿನ ಕಡೆಯಿಂದಲೇ ಗಾಳಿ ಇಳಿಸಿ. ಅದಕ್ಕೇ ಪಂಪಿನ ಹತ್ತಿರ ಒಂದು ಗಾಳಿ ಬಿಡುವ ವಾಲ್ವ್ ಇರಲಿ. ಬಾಟಲಿಯಲ್ಲಿ ಬಿಳಿ ಗೆರೆ, ಮಡಿಕೆ ಕಂಡರೆ ಬಿಸಾಡಿ. ಹೊಸದಾದರೂ ಹತ್ತು ಹನ್ನೆರಡು ಸಲದ ಮೇಲೆ ನಾನು ಬಳಸುವುದಿಲ್ಲ. ಇಬ್ಬರಿಗೂ ಕನ್ನಡಕ ಇರಲಿ.

ಜಾಗ: ಬೀಚಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಸಂಜೆ ಜನ ಜಾಸ್ತಿ, ಮಧ್ಯಾಹ್ನದಿಂದ ಸಮುದ್ರದ ಗಾಳಿ ಊರ ಕಡೆ ಬೀಸುತ್ತದೆ, ಬಾಟಲಿ ಎಲ್ಲಿ ಬೀಳುತ್ತದೆ ಹೇಳಲಾಗದು. ಒಣಗಲು ಹಾಕಿದ ಬಲೆ, ಮೀನಿನ ಹತ್ತಿರ ಹೋಗಬೇಡಿ. ಕುಮಟಾ ಕಡೆ ಒಮ್ಮೆ ನನ್ನ ಬಾಟಲಿ ಬಲೆಯೊಳಗೆ ಸಿಕ್ಕಿಬಿದ್ದು, ರೆಕ್ಕೆ ಬಿಡಿಸಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಬಲೆಯ ಯಜಮಾನರು ಪಕ್ಕದಲ್ಲೇ ಬೀಡಿ ಸೇದುತ್ತಾ ನಿಂತಿದ್ದರು, ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು. ಅರಗಾ ನೌಕಾನೆಲೆ ಕಡೆ, ಕೈಗಾ ಕಡೆ ಇಂಥ ಆಟ ಆಡಬಾರದು ಅಂತ ಕಾರವಾರದವರಿಗೆ ನಾನು ಹೇಳಬೇಕಾ!

ಇನ್ನು ಮಂಗ. ಗಾಳಿ ಕೋವಿಯಲ್ಲಿ ಗಟ್ಟಿ ವಸ್ತು ಹಾಕಿ ಪ್ರಾಣಿಗೆ ಹೊಡೆದರೆ ಅದು ಹವ್ಯಾಸ ಅಲ್ಲ, ಕೇಸು. ಕಾರ್ಬೈಡ್ ಹಾಕಿ ಸದ್ದು ಮಾಡುವ ಪೈಪಿನ ಕೋವಿ ಕಡೆಗಂತೂ ನೋಡಲೇಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಅದರಲ್ಲಿ ತುಂಬಾ ಜನ ಮಕ್ಕಳು. ನೀರಿನ ರಾಕೆಟ್ ಸದ್ದಿಗೆ ಮಂಗಗಳು ಹೆದರುತ್ತವಾ ಅಂತ ನಾನೂ ನೋಡಿದ್ದೇನೆ. ಮೊದಲ ದಿನ ಇಡೀ ಹಿಂಡು ಓಡಿತು. ಎರಡನೇ ದಿನ ಹಲಸಿನ ಮರದವರೆಗೆ ಮಾತ್ರ. ಮೂರನೇ ದಿನ ಬಾಟಲಿ ಬಾಳೆ ಹಿಂಡಲಿನ ಹತ್ತಿರ ಬಿತ್ತು. ನಾನು ಹೋಗುವುದರೊಳಗೆ ಒಂದು ದೊಡ್ಡ ಗಂಡು ಅದನ್ನು ಎತ್ತಿಕೊಂಡು ಮರ ಹತ್ತಿ, ಟೆನ್ನಿಸ್ ಚೆಂಡು ಕಿತ್ತು ಮೂಸಿ ನೋಡಿ, ನನ್ನ ಕಡೆ ಎಸೆಯಿತು.