ಎತ್ತಿದ ಕಸ ಮತ್ತೆ ಬಂದು ಬೀಳುತ್ತದಲ್ಲ, ನಿಲ್ಲಿಸಿಬಿಡೋಣವಾ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. ಎರಡು ಸಲ ಓದಿದೆ. ಹೆಸರು, ಊರು ಹಾಕಬೇಡಿ ಅಂದಿದ್ದೀರಿ. ಹಾಗೇ ಆಗಲಿ. ಬೇರೆ ಓದುಗರಿಗೂ ವಿಷಯ ತಿಳಿಯಲಿ ಅಂತ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡಿನ ಹಿಂದೆ ಊರ ಕೆರೆ. ರಿಟೈರ್ ಆದ ಮೇಲೆ ನೀವು ಹನ್ನೆರಡು ಜನರನ್ನು ಸೇರಿಸಿಕೊಂಡು ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ಕಸ ಎತ್ತಲು ಶುರು ಮಾಡಿದಿರಿ. ಎರಡು ವರ್ಷ ಆಯಿತು. ಈಗ ಉಳಿದಿರುವುದು ಐದು ಜನ. ವಾರಕ್ಕೆ ಹತ್ತು ಚೀಲ ತುಂಬುತ್ತದೆ, ಮುಂದಿನ ವಾರ ಹೋದರೆ ಮತ್ತೆ ಹತ್ತು ಚೀಲ. ಹೋದ ತಿಂಗಳು ಅಂಗಡಿಯವರೊಬ್ಬರು "ಹೇಗೂ ನೀವು ಎತ್ತುತ್ತೀರಲ್ಲ ಸಾರ್" ಅಂತ ನಿಮ್ಮೆದುರೇ ಕಸದ ಕವರ್ ಎಸೆದರು. ಅವತ್ತು ಊಟ ಸೇರಲಿಲ್ಲ ಅಂದಿದ್ದೀರಿ. ನಿಮ್ಮ ಪ್ರಶ್ನೆ ಎರಡು. ನಿಲ್ಲಿಸಿಬಿಡೋಣವಾ? ಇಲ್ಲ, ದಾನಿಯೊಬ್ಬರು ಕೊಡುತ್ತೇನೆ ಅಂದಿರುವ ಜೆಸಿಬಿ ಮತ್ತು ಐನೂರು ಸಸಿ ತೆಗೆದುಕೊಂಡು, ಹೂಳೆತ್ತಿಸಿ, ಏರಿ ಮೇಲೆ ಗಿಡ ನೆಟ್ಟು ಹೊಸದಾಗಿ ಶುರು ಮಾಡೋಣವಾ?

ನಿಲ್ಲಿಸಬೇಡಿ. ಆದರೆ ಇಷ್ಟು ದಿನ ಮಾಡಿದ್ದನ್ನೇ ಮಾಡುತ್ತಾ ಹೋಗಬೇಡಿ.

ನಮ್ಮೂರಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಲೂ ಕೆರೆ, ಅಲ್ಲೂ ಭಾನುವಾರದ ಹುಡುಗರು, ಅಲ್ಲೂ ಎತ್ತಿದಷ್ಟೂ ಬರುವ ಕಸ. ಒಂದು ದಿನ ಒಬ್ಬ ಹುಡುಗಿ, "ಚೀಲ ಕಟ್ಟಿ ಕಳಿಸಿಬಿಡುತ್ತೇವೆ, ಒಳಗೇನಿದೆ ಅಂತ ಯಾವತ್ತಾದರೂ ನೋಡಿದ್ದೀವಾ?" ಅಂತ ಕೇಳಿದಳು. ಅರಳಿಕಟ್ಟೆ ಹತ್ತಿರ ಹಳೇ ಟಾರ್ಪಾಲು ಹಾಸಿ ಒಂದು ಚೀಲ ಸುರುವಿದೆವು. ಮೂಗು ಮುಚ್ಚಿಕೊಂಡು, ಕೋಲಿನಲ್ಲಿ ಸರಿಸುತ್ತಾ ಗುಡ್ಡೆ ಗುಡ್ಡೆ ಮಾಡಿದೆವು. ಗುಟ್ಕಾ ಚೀಟಿ ಒಂದು ಗುಡ್ಡೆ. ಮದ್ಯದ ಟೆಟ್ರಾ ಪ್ಯಾಕೆಟ್ ಒಂದು ಗುಡ್ಡೆ. ಕವರಿನಲ್ಲಿ ಕಟ್ಟಿ ಎಸೆದ ದೇವರ ಹಾರ ಒಂದಿಷ್ಟು. ಇವೆಲ್ಲ ಸೇರಿದರೂ ಅರ್ಧ ಚೀಲ ಆಗಲಿಲ್ಲ. ಮಿಕ್ಕದ್ದೆಲ್ಲ ಕಾಗದದ ಲೋಟ, ಸಾರು ಒಣಗಿ ಅಂಟಿದ ಬೆಳ್ಳಿ ಬಣ್ಣದ ತಟ್ಟೆ, ಅಂಗೈಯುದ್ದದ ನೀರಿನ ಬಾಟಲಿ. ಬಾಟಲಿಯ ಲೇಬಲ್ ಮೇಲೆ ಮದುಮಕ್ಕಳ ಹೆಸರು, ಮದುವೆಯ ತಾರೀಖು ಇತ್ತು. ಮೂರು ಮದುವೆ, ಮೂರು ತಾರೀಖು, ಛತ್ರ ಒಂದೇ.

ನಾಲ್ಕು ಜನ ಆ ಛತ್ರಕ್ಕೆ ಹೋದೆವು, ಜಗಳಕ್ಕಲ್ಲ, ಕೇಳುವುದಕ್ಕೆ. ಮ್ಯಾನೇಜರ್ ಕೂರಿಸಿ ಕಾಫಿ ಕೊಟ್ಟರು. ಆಮೇಲೆ ವಿಷಯ ಗೊತ್ತಾಯಿತು. ಕಸದ ಗಾಡಿ ಬರುವುದು ಬೆಳಿಗ್ಗೆ ಏಳಕ್ಕೆ. ಮದುವೆ ಊಟ ಮುಗಿಯುವುದು ಮಧ್ಯಾಹ್ನ ಮೂರೂವರೆಗೆ. ಸಂಜೆಗೆ ಇನ್ನೊಂದು ರಿಸೆಪ್ಷನ್, ಛತ್ರ ಖಾಲಿಯಾಗಬೇಕು. ಹಾಗಾಗಿ ಒಬ್ಬ ಆಟೋದವನಿಗೆ ಮುನ್ನೂರು ರೂಪಾಯಿ ಕೊಟ್ಟು ಸಾಗಹಾಕಿಸುತ್ತಿದ್ದರು. ಅವನು ಎಲ್ಲಿ ಸುರಿಯುತ್ತಾನೆ ಅಂತ ಅವರು ಕೇಳಿರಲಿಲ್ಲ. ಎರಡು ವರ್ಷ ನಾವು ಬಗ್ಗಿ ಬಗ್ಗಿ ಎತ್ತಿದ ಕಸದ ಅರ್ಧ ಭಾಗಕ್ಕೆ ಕಾರಣ ಗಾಡಿಯ ಟೈಮು! ಮುಹೂರ್ತ ಇರುವ ದಿನ ಸಂಜೆ ನಾಲ್ಕಕ್ಕೆ ಒಂದು ಟ್ರಿಪ್ ಕಳಿಸಿ ಅಂತ ಅರ್ಜಿ ಕೊಟ್ಟೆವು. ಮೂರು ತಿಂಗಳು ಅಲೆದೆವು. ಆಯಿತು.

ಅದಕ್ಕೇ ಹೇಳುವುದು, ಮೂರು ಭಾನುವಾರ ಎತ್ತಿ, ನಾಲ್ಕನೆಯದು ಕಸ ಬರುವ ದಾರಿ ಹುಡುಕುವುದಕ್ಕೆ ಇಟ್ಟುಕೊಳ್ಳಿ. ಒಂದು ಚೀಲ ಸುರುವಿ, ಗುಡ್ಡೆ ಮಾಡಿ, ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮೂರಿನ ಕಸ ಛತ್ರದ್ದೇ ಅಂತ ನಾನು ಹೇಳುತ್ತಿಲ್ಲ. ಕೋಳಿ ಅಂಗಡಿಯದಿರಬಹುದು, ಸಂತೆಯದಿರಬಹುದು. ಆ ಅಂಗಡಿಯವರು ನಿಮ್ಮ ಮನಸ್ಸು ನೋಯಿಸಿದ್ದು ತಪ್ಪೇ. ಆದರೂ ಅವರ ಬೀದಿಗೆ ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಆಗ ಅಂಗಡಿ ಬಾಗಿಲು ತೆಗೆದಿರುತ್ತದಾ ಅಂತ ಒಮ್ಮೆ ವಿಚಾರಿಸಿ.

ಛತ್ರದ ಕಸ ನಿಜಕ್ಕೂ ಕಡಿಮೆಯಾಗಬೇಕಾದರೆ ಸ್ಟೀಲ್ ತಟ್ಟೆ, ಲೋಟ ವಾಪಸ್ ಬರಬೇಕು. ಕಾಗದದ ಲೋಟ ಬರೀ ಕಾಗದವಲ್ಲ, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಗೊಬ್ಬರವೂ ಆಗುವುದಿಲ್ಲ, ಗುಜರಿಯವರೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಅದಮ್ಯ ಚೇತನ ಅನ್ನುವ ಸೇವಾ ಸಂಸ್ಥೆಯವರು ಪ್ಲೇಟ್ ಬ್ಯಾಂಕ್ ಅಂತ ಮಾಡಿದ್ದಾರೆ. ಸಮಾರಂಭಕ್ಕೆ ತಟ್ಟೆ ಲೋಟ ಒಯ್ದು, ಬಳಸಿ ವಾಪಸ್ ಕೊಡುವುದು. ನಿಮ್ಮೂರಲ್ಲಿ ಮುನ್ನೂರು ತಟ್ಟೆಯಿಂದ ಶುರು ಮಾಡಬಹುದು. ಆ ದಾನಿಯ ದುಡ್ಡಿಗೆ ಇದು ಒಳ್ಳೇ ದಾರಿ ಅಲ್ವಾ?

ಇನ್ನು ಮನೆ ಕಸ. ನಮ್ಮ ಊರುಗಳಲ್ಲಿ ಮನೆಯಿಂದ ಹೊರಬೀಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಹಸಿ, ಒಣ, ಅಪಾಯದ ಕಸ ಅಂತ ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅಂತ 2016ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂತು. ಮಾಡದಿದ್ದರೆ ಏನಾಗುತ್ತದೆ ಅಂತ ನಾನು ನಮ್ಮ ಬೀದಿಯಲ್ಲೇ ನೋಡಿದೆ. ಕಸದ ಗಾಡಿಯ ಹಿಂದೆ ನಿಂತಿದ್ದ ಪೌರಕಾರ್ಮಿಕ ಹೆಂಗಸೊಬ್ಬರು ನಮ್ಮ ಬೀದಿಯ ಬಕೆಟ್ಟಿಗೆ ಬರಿಗೈ ಹಾಕಿ, ಹಳಸಿದ ಅನ್ನದ ಒಳಗಿಂದ ಮಗುವಿನ ಡೈಪರ್ ಎಳೆದು ತೆಗೆಯುತ್ತಿದ್ದರು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಒಡೆದ ಬಲ್ಬು ಕುಯ್ದಿದ್ದಂತೆ. ಆ ಬೆರಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಮೂರು ಡಬ್ಬ.

ಬೇರೆ ಮಾಡಿದರೆ ಕಸಕ್ಕೆ ಬೆಲೆಯೂ ಬರುತ್ತದೆ. ಮೈಸೂರಿನ ಕುಂಬಾರಕೊಪ್ಪಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಘಟಕದಲ್ಲಿ ಸುತ್ತಲಿನ ಬಡಾವಣೆಗಳ ಹಸಿ ಕಸ ಗೊಬ್ಬರವಾಗುತ್ತದೆ, ಒಣ ಕಸ ಬಗೆ ಬಗೆಯಾಗಿ ಬೇರೆಯಾಗಿ ಮಾರಾಟಕ್ಕೆ ಹೋಗುತ್ತದೆ. ನಮ್ಮ ಅಜ್ಜಿಯ ಮನೆಯಲ್ಲಿ ಹಿತ್ತಲ ತಿಪ್ಪೆಗೂ ದೀಪಾವಳಿಯಲ್ಲಿ ಒಂದು ಹಣತೆ ಇಡುತ್ತಿದ್ದರು. ಗೊಬ್ಬರ ಅಂದರೆ ಲಕ್ಷ್ಮಿ ಅನ್ನುವ ಲೆಕ್ಕ. ಅದನ್ನು ನೆನಪಿಸಿದರೆ ನಿಮ್ಮೂರ ಹೆಂಗಸರು ಸರ್ಕಾರಿ ನಿಯಮಕ್ಕಿಂತ ಬೇಗ ಒಪ್ಪುತ್ತಾರೆ.

ಕಣ್ಣಿಗೆ ಕಾಣುವ ಪ್ಲಾಸ್ಟಿಕ್‌ಗಿಂತ ಕೆರೆಗೆ ಜಾಸ್ತಿ ಅಪಾಯ ಮಾಡುವುದು ಚರಂಡಿ ನೀರು, ಮೇಷ್ಟ್ರೇ. ಕಾಗದದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನೀರಿನ ಮೇಲೆ ಅಂತರಗಂಗೆ ಹಬ್ಬಿದೆ ಅಂದಿರಲ್ಲ, ಅದು ಬಂದದ್ದೇ ಕಕ್ಕಸಿನ ನೀರು, ಸೋಪಿನ ನೀರು ತಿಂದು. ಅದು ಮುಚ್ಚಿಕೊಂಡರೆ ನೀರಿಗೆ ಬಿಸಿಲಿಲ್ಲ, ಗಾಳಿಯಿಲ್ಲ. ರಾತ್ರಿಯೆಲ್ಲ ನೀರಿನ ಆಮ್ಲಜನಕ ಇಳಿದು ಇಳಿದು, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಬಿದ್ದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಅಲ್ಲೂ ಮೂಲ ಚರಂಡಿ ನೀರೇ. ಅದೇ ಬೆಂಗಳೂರಿನ ಜಕ್ಕೂರಿನಲ್ಲಿ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಅಲ್ಲಿಂದ ಜೊಂಡು ಬೆಳೆದ ಜೌಗಿನ ಮೂಲಕ ಹರಿದು, ಆಮೇಲೆ ಕೆರೆ ಸೇರುತ್ತದೆ.

ಐದು ಜನ ಘಟಕ ಕಟ್ಟುವುದು ಆಗದ ಮಾತು, ನಿಜ. ಆದರೆ ಐದು ಜನ ಕಾಲುವೆ ಗುಂಟ ನಡೆಯಬಹುದು. ಗ್ರಾಮ ನಕ್ಷೆ ತೆಗೆದುಕೊಳ್ಳಿ. ಹುಡುಗರ ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಸಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕೆರೆಯಿಂದ ಹಿಂದಕ್ಕೆ ರಾಜಕಾಲುವೆ ಹಿಡಿದು ನಡೆಯಿರಿ. ಯಾವ ಪೈಪು ಎಲ್ಲಿ ಸೇರಿದೆ, ಕಾಲುವೆ ಎಲ್ಲಿ ಸಣ್ಣದಾಗಿದೆ, ಎಲ್ಲದರ ಫೋಟೊ, ತಾರೀಖು, ಸರ್ವೆ ನಂಬರ್. ಆ ಕಟ್ಟು ಇಟ್ಟು ಪುರಸಭೆಗೂ ತಹಶೀಲ್ದಾರರಿಗೂ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಏನೂ ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ನಿಮ್ಮದು. ಈ ಕೆಲಸ ನಿಮ್ಮಷ್ಟು ಚೆನ್ನಾಗಿ ಯಾರು ಮಾಡುತ್ತಾರೆ ಹೇಳಿ?

ಜೆಸಿಬಿ ಬೇಡ ಅಂತ ಹೇಳಿಬಿಡಿ, ಸದ್ಯಕ್ಕೆ. ಹೂಳೆತ್ತುವುದು ಒಳ್ಳೆಯದೇ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು, ಊರೂರಿನ ಜನ ಸೇರಿ, ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಉದ್ದಕ್ಕೆ ಹಸನು ಮಾಡಿದ್ದು ನಿಮಗೆ ಗೊತ್ತಿರುತ್ತದೆ. ಆದರೆ ಎಂಜಿನಿಯರ್ ಇಲ್ಲದೆ, ಇಲಾಖೆಯ ಒಪ್ಪಿಗೆ ಇಲ್ಲದೆ ಕೆರೆಗೆ ಯಂತ್ರ ಇಳಿಸಿದರೆ ಅದು ಅಂಚನ್ನೆಲ್ಲ ಕೆರೆದು ಕೆರೆಯನ್ನು ಬಾಂಡಲಿ ಮಾಡಿಬಿಡುತ್ತದೆ. ಮೊಣಕಾಲುದ್ದ ನೀರಿನ ಆ ಅಂಚಿನಲ್ಲೇ ಕೊಕ್ಕರೆ ನಿಲ್ಲುವುದು, ಮೀನು ಮರಿ ಬೆಳೆಯುವುದು. ಮುಂದೆ ಹೂಳು ತೆಗೆಸಿದರೂ ಆ ಗೋಡುಮಣ್ಣು ರೈತರ ಹೊಲಕ್ಕೆ ಹೋಗುವ ಹಾಗೆ ಮೊದಲೇ ಮಾತಾಡಿಕೊಳ್ಳಿ.

ಸಸಿಯನ್ನು ಏರಿ ಮೇಲೆ ಖಂಡಿತ ನೆಡಬೇಡಿ. ದೊಡ್ಡ ಮರದ ಬೇರು ಮಣ್ಣಿನ ಏರಿಯೊಳಗೆ ಇಳಿಯುತ್ತದೆ. ಮುಂದೊಂದು ದಿನ ಅದು ಕೊಳೆತರೆ ಆ ತೂತಿನಲ್ಲೇ ನೀರು ಜಿನುಗಿ ಏರಿಗೆ ಅಪಾಯ. ಕೆರೆಯ ಮೇಲ್ಭಾಗದಲ್ಲಿ, ನೀರು ನಿಲ್ಲದ ಕಡೆ ಹೊಂಗೆ, ನೇರಳೆ, ಅತ್ತಿ ಹಾಕಿ. ಐನೂರು ಬೇಡ, ಐವತ್ತು ಸಾಕು. ಎರಡು ಮೂರು ಬೇಸಿಗೆ ಕೊಡ ಹೊತ್ತು ನೀರು ಹಾಕಲು ನಿಮ್ಮಿಂದ ಆಗುವಷ್ಟು ಮಾತ್ರ.

ಐದೇ ಜನ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಒಣಗಿ ಕಸದ ಗುಂಡಿಯಂತಾಗಿತ್ತು. 2008ರಲ್ಲಿ ಅಕ್ಕಪಕ್ಕದ ಕೆಲವೇ ಮನೆಯವರು ಅದರ ಕೆಲಸಕ್ಕೆ ಇಳಿದರು. ಪಾಲಿಕೆಯ ಜೊತೆ ಒಪ್ಪಂದ ಆಗಿ ಕೆರೆ ನೋಡಿಕೊಳ್ಳುವ ಜವಾಬ್ದಾರಿ ಅವರ ಕೈಗೆ ಬಂದದ್ದು 2011ರಲ್ಲಿ. ನಡುವಿನ ಮೂರು ವರ್ಷ ಬರೀ ಓಡಾಟ, ಅರ್ಜಿ, ಮೀಟಿಂಗ್. ನೀವು ಎರಡು ವರ್ಷ ದಾಟಿದ್ದೀರಿ. ಬಿಟ್ಟು ಹೋದ ಏಳು ಜನರ ಮೇಲೆ ಸಿಟ್ಟು ಬೇಡ. ಬಗ್ಗಿ ಕಸ ಎತ್ತಲು ಆಗದವರು ಟಾರ್ಪಾಲಿನ ಪಕ್ಕ ಕುರ್ಚಿ ಹಾಕಿಕೊಂಡು ಲೆಕ್ಕ ಬರೆಯಬಹುದು. ಕರೆದು ನೋಡಿ, ಬರುತ್ತಾರೆ.

ಮುಂದಿನ ಭಾನುವಾರ ಒಂದು ಚೀಲ ಸುರುವಿ. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ, ಗಾಜಿರುತ್ತದೆ. ಒಳಗೆ ಏನೇನು ಸಿಕ್ಕಿತು ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ಖಾಲಿ ಬಿಟ್ಟು ಕಾಯುತ್ತೇನೆ.

ಸಂಪಾದಕ